ನೀರು ಪರೀಕ್ಷೆಯ ಎಫ್‌ಟಿಕೆ ಕಿಟ್ ಮತ್ತು ಅದರ ತರಬೇತಿ: ಪಾವಗಡದ ಕಡೆಯಿಂದ ಒಂದು ವಿಮರ್ಶೆ

ಜಲ ಜೀವನ್ ಮಿಷನ್ ಅಡಿಯಲ್ಲಿ, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ನಡೆಯುತ್ತಿರುವ ಯೋಜನೆಯ ಭಾಗವಾಗಿ, ಹಳ್ಳಿಗಳಿಗೆ ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಪೆಟ್ಟಿಗೆ ಬಂದಿದೆ. ಕಡತಗಳಲ್ಲಿ ಅದರ ಹೆಸರು ಕ್ಷೇತ್ರ ಪರೀಕ್ಷಾ ಕಿಟ್. ಊರಿನಲ್ಲಿ ಎಲ್ಲರೂ ಎಫ್‌ಟಿಕೆ ಕಿಟ್ ಎನ್ನುತ್ತಾರೆ. ಪ್ರತಿ ಗ್ರಾಮದಲ್ಲಿ ಐವರಿಗೆ, ಸಾಧ್ಯವಾದಷ್ಟೂ ಮಹಿಳೆಯರಿಗೆ, ಇದನ್ನು ಬಳಸುವ ತರಬೇತಿ ಕೊಡಬೇಕು, ಅವರು ಊರಿನ ಕೊಳವೆಬಾವಿ, ಟ್ಯಾಂಕು, ನಲ್ಲಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಜನರಿಗೆ ತಿಳಿಸಬೇಕು ಎಂಬುದು ಯೋಜನೆಯ ಆಶಯ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನಾಗಿ ಈ ಕಿಟ್ಟನ್ನು ಬಳಸುವ ಮಹಿಳೆಯರ ಜೊತೆ ಕುಳಿತು ಕೆಲಸ ಮಾಡುವ ಅವಕಾಶ ನನಗೆ ಸಿಕ್ಕಿದೆ. ಪೆಟ್ಟಿಗೆ, ಅದರ ಜೊತೆ ಬರುವ ತರಬೇತಿ, ಹಿಂದೆ ನಿಂತಿರುವ ಪ್ರಯೋಗಾಲಯ, ಈ ಮೂರನ್ನೂ ಒಂದೇ ಸೇವೆ ಎಂದು ಭಾವಿಸಿ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ನಂಬಿಕೆಗೆ ಅರ್ಹವಾಗಿದೆ, ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪರೀಕ್ಷೆ ಮಾಡುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ, ಬಂದ ಫಲಿತಾಂಶವನ್ನು ಊರಿಗೆ ಹೇಗೆ ಹೇಳಬೇಕು, ಹೇಳಿದ ಮೇಲೆ ಮನೆಯಲ್ಲಿ ಏನು ಬದಲಾಗಬೇಕು ಎಂಬುದನ್ನು ಕಲಿಸಿಲ್ಲ.

ಪಾವಗಡ, ಬಾಗೇಪಲ್ಲಿ, ಮೊಳಕಾಲ್ಮೂರು, ಮುಂಡರಗಿಯಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಈ ಸೇವೆಯ ಅಗತ್ಯವೇನು ಎಂಬುದನ್ನು ವಿವರಿಸದೆ ಅದರ ಬೆಲೆ ತಿಳಿಯುವುದಿಲ್ಲ. ಇಲ್ಲಿನ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಶಿಲೆ. ಆ ಕಲ್ಲಿನೊಳಗಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ನಿಧಾನವಾಗಿ ಕರಗಿ ಬರುತ್ತದೆ. ಕೆರೆ, ತೆರೆದ ಬಾವಿಗಳ ನೀರು ಕುಡಿಯುತ್ತಿದ್ದ ಊರುಗಳು ಕೊಳವೆಬಾವಿಗೆ ಹೊರಳಿ, ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳವಾದಂತೆ, ನಾವು ಹೆಚ್ಚು ಹಳೆಯ ನೀರನ್ನು, ಹೆಚ್ಚು ಫ್ಲೋರೈಡ್ ಇರುವ ನೀರನ್ನು ಮೇಲೆತ್ತತೊಡಗಿದೆವು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ ಕುಡಿದ ಮಗುವಿನ ಹಲ್ಲಿನ ಮೇಲೆ ಬಿಳಿ ಮಚ್ಚೆಗಳೂ ಆಮೇಲೆ ಕಂದು ಗೀರುಗಳೂ ಬೀಳುತ್ತವೆ. ಹೆಚ್ಚಿನ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಕುಡಿದವರಿಗೆ ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ. ಹಲ್ಲಿನ ಕಲೆಯಾಗಲಿ ಮೂಳೆಯ ಬದಲಾವಣೆಯಾಗಲಿ ಔಷಧಿಯಿಂದ ಹಿಂದಕ್ಕೆ ಹೋಗುವುದಿಲ್ಲ, ತಡೆಯುವುದೊಂದೇ ದಾರಿ. ಫ್ಲೋರೋಸಿಸ್ ಎಂಬ ಈ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ತೆಲುಗು ಭಾಗದಿಂದ, ನಮ್ಮ ನೆರೆಯ ನೆಲದಿಂದಲೇ. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2008–09ರಲ್ಲಿ.

ಇನ್ನು ಪೆಟ್ಟಿಗೆಯ ವಿಚಾರ. ನಾನು ಕಂಡ ಕಿಟ್‌ನಲ್ಲಿ ಪರೀಕ್ಷಾ ನಳಿಗೆಗಳು, ಸಣ್ಣ ಸಣ್ಣ ಬಾಟಲಿಗಳಲ್ಲಿ ರಾಸಾಯನಿಕ ದ್ರಾವಣಗಳು, ಪ್ರತಿಯೊಂದು ಪರೀಕ್ಷೆಗೂ ಒಂದು ಬಣ್ಣದ ಪಟ್ಟಿ, ಕನ್ನಡದಲ್ಲಿ ಅಚ್ಚಾದ ಸೂಚನೆಗಳು, ಜೊತೆಗೆ ಸೂಕ್ಷ್ಮಾಣು ಪರೀಕ್ಷೆಯ ಬಾಟಲಿಗಳು ಇದ್ದವು. ಪಿಎಚ್, ಗಡಸುತನ, ಕ್ಷಾರತೆ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿಕೆ ಕ್ಲೋರಿನ್ ಮುಂತಾದವನ್ನು ಇದರಿಂದ ನೋಡಬಹುದು. ಯಾವುದಕ್ಕೂ ವಿದ್ಯುತ್ ಬೇಡ, ತಕ್ಕಡಿ ಬೇಡ. ಗೆರೆಯವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟು ನಿಮಿಷ ಕಾದು, ಬಣ್ಣ ಹೋಲಿಸಿದರಾಯಿತು. ಏಳನೆಯ ತರಗತಿಯವರೆಗೆ ಓದಿದ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಹನಿಗಳನ್ನು ಎಣಿಸುವಾಗ ತೋರುವ ಎಚ್ಚರವನ್ನು ನನ್ನ ವಿದ್ಯಾರ್ಥಿಗಳಲ್ಲಿ ನಾನು ಅಷ್ಟಾಗಿ ಕಂಡಿಲ್ಲ. ಈ ಕೆಲಸಕ್ಕೆ ಪದವಿ ಬೇಕಿಲ್ಲ, ಗಮನ ಬೇಕು ಎಂಬ ಯೋಜನೆಯ ಮೂಲ ನಂಬಿಕೆ ಸರಿಯಾದದ್ದೇ.

ಫ್ಲೋರೈಡ್ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಭಾಗಕ್ಕೆ ಅದೇ ಮುಖ್ಯ. ನಾವು ಬಳಸಿದ ಕಿಟ್‌ನ ದ್ರಾವಣ ಫ್ಲೋರೈಡ್ ಇಲ್ಲದ ನೀರಿನಲ್ಲಿ ಗುಲಾಬಿಯಾಗಿ ಉಳಿಯುತ್ತದೆ; ಫ್ಲೋರೈಡ್ ಹೆಚ್ಚಿದಂತೆಲ್ಲ ಹಳದಿಗೆ ತಿರುಗುತ್ತದೆ. ದ್ರಾವಣದಲ್ಲಿ ಝಿರ್ಕೋನಿಯಂ ಎಂಬ ಲೋಹವು ಬಣ್ಣದ ಜೊತೆ ಬೆಸೆದುಕೊಂಡಿರುತ್ತದೆ, ಫ್ಲೋರೈಡ್ ಬಂದು ಆ ಲೋಹವನ್ನು ತನ್ನ ಕಡೆಗೆ ಸೆಳೆದುಕೊಂಡಾಗ ಬಣ್ಣ ಬದಲಾಗುತ್ತದೆ. ಈ ಪರೀಕ್ಷೆಯಲ್ಲಿ 1ಕ್ಕೂ 1.5ಕ್ಕೂ ನಡುವಿನ ವ್ಯತ್ಯಾಸವನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳುವುದು ಕಷ್ಟ. ಸಂಜೆಯ ಬೆಳಕಿನಲ್ಲೋ ಹಳದಿ ಬಲ್ಬಿನ ಕೆಳಗೋ ನೋಡಿದರೆ ಇನ್ನೂ ಕಷ್ಟ. ಹಗಲು ಹೊತ್ತಿನಲ್ಲಿ, ನೇರ ಬಿಸಿಲು ಬೀಳದ ಜಗಲಿಯ ಮೇಲೆ, ಬಿಳಿ ಕಾಗದವನ್ನು ಹಿಂದಿಟ್ಟುಕೊಂಡು, ಇಬ್ಬರು ಬೇರೆ ಬೇರೆಯಾಗಿ ಓದಿ ಬರೆದುಕೊಳ್ಳುವುದು ಉತ್ತಮ. ಕ್ಷಾರತೆ ತೀರ ಹೆಚ್ಚಿರುವ ನೀರಿನಲ್ಲಿಯೂ, ಆಲಂ (ಪಟಿಕ) ಹಾಕಿ ತಿಳಿಗೊಳಿಸಿದ ನೀರಿನಲ್ಲಿಯೂ ಬಣ್ಣ ದಾರಿ ತಪ್ಪಿಸಬಹುದು. ಇಷ್ಟಾದರೂ ನೀರಿನಲ್ಲಿ 2 ಅಥವಾ 3 ಮಿಲಿಗ್ರಾಂ ಇದ್ದರೆ ಹಳದಿ ಬಣ್ಣ ಯಾರಿಗೂ ಅನುಮಾನ ಉಳಿಸುವುದಿಲ್ಲ. ಯಾವ ಮೂಲದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಆರಿಸಿಕೊಳ್ಳುವುದಕ್ಕೆ ಅಷ್ಟು ಸಾಕು, ಮತ್ತು ಈ ಕಿಟ್ ಇರುವುದು ಆ ಕೆಲಸಕ್ಕಾಗಿಯೇ.

ಈ ಪರೀಕ್ಷೆ ಇಲ್ಲದಿದ್ದರೆ ನಮಗೆ ತಿಳಿಯುವ ಬೇರೆ ದಾರಿ ಇಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಮ್ಮ ಜನ ನೀರನ್ನು ಸಿಹಿನೀರು, ಸಪ್ಪೆನೀರು, ಸವಳುನೀರು ಎಂದು ನಾಲಿಗೆಯಿಂದ ಗುರುತಿಸುತ್ತಾರೆ. ಅಡುಗೆಯವರು ಬೇಳೆ ಬೇಯುತ್ತದೋ ಇಲ್ಲವೋ ಎಂಬುದರಿಂದ ಅಳೆಯುತ್ತಾರೆ. ಎರಡೂ ತಲೆಮಾರುಗಳ ಅನುಭವದಿಂದ ಬಂದ ಜಾಣತನ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ತೊಗರಿಬೇಳೆ ನಿಜವಾಗಿಯೂ ಬೇಯುವುದಿಲ್ಲ. ಆದರೆ ಫ್ಲೋರೈಡಿನ ವಿಷಯದಲ್ಲಿ ಈ ಜಾಣತನವೇ ನಮ್ಮನ್ನು ತಪ್ಪು ದಾರಿಗೆ ಕಳಿಸಬಹುದು. ಫ್ಲೋರೈಡಿಗೆ ಆ ಪ್ರಮಾಣದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೇಲಾಗಿ, ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿರುವ ಮೆದು ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚು ಕರಗಿರುವುದು ಸಾಮಾನ್ಯ, ಏಕೆಂದರೆ ಕ್ಯಾಲ್ಸಿಯಂ ಇದ್ದಾಗ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಹೀಗಾಗಿ ಬೇಳೆ ಚೆನ್ನಾಗಿ ಬೇಯುವ, ಬಾಯಿಗೆ ಹಿತವಾದ, ಊರವರೆಲ್ಲ ಹೊಗಳಿ ಕೊಡ ತುಂಬಿಸಿಕೊಂಡು ಹೋಗುವ ಬೋರಿನ ನೀರೇ ಮಕ್ಕಳ ಹಲ್ಲಿಗೆ ಅತಿ ಕೆಟ್ಟದ್ದಾಗಿರುವ ಸಾಧ್ಯತೆ ಇದೆ. ತರಬೇತಿಯಲ್ಲಿ ಈ ಮಾತು ಬರಲೇ ಇಲ್ಲ. ಮಹಿಳೆಯರು ತಮ್ಮ ಅಡುಗೆಮನೆಯ ಜ್ಞಾನದಿಂದ ಕೇಳುವ ಮೊದಲ ಪ್ರಶ್ನೆಯೇ ಇದು: ಬೇಳೆ ಬೇಯುತ್ತದಲ್ಲ, ನೀರು ಹೇಗೆ ಕೆಟ್ಟದ್ದಾಗುತ್ತದೆ? ಇದಕ್ಕೆ ಉತ್ತರ ಗೊತ್ತಿಲ್ಲದ ತರಬೇತುದಾರ ಎಷ್ಟು ಚಿತ್ರಗಳನ್ನು ತೋರಿಸಿದರೂ ಅವರ ಮನಸ್ಸು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಪೆಟ್ಟಿಗೆಯಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಸೂಕ್ಷ್ಮಾಣು ಪರೀಕ್ಷೆಯ ಬಾಟಲಿ, ಊರಿನವರ ಬಾಯಲ್ಲಿ ಕರಿ ಬಾಟಲಿ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಾಂಜಾ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಈ ವಿಧಾನ ಇಂದು ಪ್ರಪಂಚದ ಅನೇಕ ದೇಶಗಳ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಬಾಟಲಿಯೊಳಗಿನ ಪುಡಿ ಅಥವಾ ಕಾಗದದ ಪಟ್ಟಿಯಲ್ಲಿ ಸೂಕ್ಷ್ಮಾಣುಗಳಿಗೆ ಆಹಾರವೂ ಗಂಧಕ ಮತ್ತು ಕಬ್ಬಿಣದ ಸಂಯುಕ್ತಗಳೂ ಇರುತ್ತವೆ. ಮಲದ ಜೊತೆ ಬರುವ ಕೆಲವು ಸೂಕ್ಷ್ಮಾಣುಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ, ಅದು ಕಬ್ಬಿಣದೊಡನೆ ಸೇರಿ ನೀರನ್ನು ಕಪ್ಪಾಗಿಸುತ್ತದೆ. ಗೆರೆಯವರೆಗೆ ನೀರು ತುಂಬಿ ಮುಚ್ಚಳ ಹಾಕಿ, ಬೆಚ್ಚಗಿರುವ ಕಡೆ ಒಂದೆರಡು ದಿನ ಇಟ್ಟರೆ ಸಾಕು. ನಮ್ಮ ಬೇಸಗೆಯಲ್ಲಿ ಅದಕ್ಕೆ ಯಾವ ಯಂತ್ರವೂ ಬೇಡ. ಚಳಿಗಾಲದಲ್ಲಿ ಮಾತ್ರ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರದ ಗೂಡಿನಲ್ಲಿಡಬೇಕಾಗುತ್ತದೆ. ಎಷ್ಟು ಸೂಕ್ಷ್ಮಾಣುಗಳಿವೆ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ, ಮಲದಿಂದ ಬಾರದ ಕೆಲವು ಸೂಕ್ಷ್ಮಾಣುಗಳಿಂದಲೂ ನೀರು ಕಪ್ಪಾಗಬಹುದು. ಆದರೂ ಜನರಿಗೆ ಕಲಿಸುವ ಸಾಧನವಾಗಿ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ.

ಇದರ ನಿಜವಾದ ಉಪಯೋಗವಾಗುವುದು ಒಂದೇ ನೀರನ್ನು ಮೂರು ಕಡೆ ಹಿಡಿದಾಗ: ಟ್ಯಾಂಕಿನ ಬಳಿ, ಮನೆಯ ನಲ್ಲಿಯಲ್ಲಿ, ಮತ್ತು ಅಡುಗೆಮನೆಯ ಕೊಡದಲ್ಲಿ. ಟ್ಯಾಂಕಿನದು ತಿಳಿಯಾಗಿ ಉಳಿದು ನಲ್ಲಿಯದು ಕಪ್ಪಾದರೆ ಪೈಪಿನಲ್ಲಿ ಎಲ್ಲೋ ಒಡಕಿದೆ. ದಿನಕ್ಕೆ ಒಂದು ಹೊತ್ತು ಮಾತ್ರ ನೀರು ಬಿಡುವ ಊರುಗಳಲ್ಲಿ, ನೀರು ನಿಂತ ಮೇಲೆ ಖಾಲಿ ಪೈಪು ಚರಂಡಿಯ ಪಕ್ಕದ ಒಡಕಿನಿಂದ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ವಾಲ್ವಿನ ಗುಂಡಿಯಲ್ಲಿ ನಿಂತ ನೀರೂ ಹಾಗೆಯೇ ಒಳಸೇರುತ್ತದೆ. ನಲ್ಲಿಯದು ತಿಳಿಯಾಗಿದ್ದು ಕೊಡದ್ದು ಕಪ್ಪಾದರೆ ತೊಂದರೆ ಮನೆಯೊಳಗೇ ಇದೆ, ಕೈ ಅದ್ದಿ ಚೊಂಬು ಮುಳುಗಿಸುವ ಅಭ್ಯಾಸದಲ್ಲಿ. ಮೂರು ಬಾಟಲಿಗಳನ್ನು ಸಾಲಾಗಿ ಜಗಲಿಯ ಮೇಲಿಟ್ಟಾಗ ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ. ನೋಡಿದವರೇ ಮಾತು ಶುರುಮಾಡುತ್ತಾರೆ, ಉದ್ದ ಹಿಡಿಯ ಸೌಟನ್ನು ಹುಡುಕುತ್ತಾರೆ, ನಲ್ಲಿಯಿರುವ ಡ್ರಮ್ಮಿಗೆ ಬೆಲೆ ಕೇಳುತ್ತಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಪ್ಪಾದ ಬಾಟಲಿಯೊಳಗೆ ರೋಗಾಣುಗಳು ಬೆಳೆದಿರುತ್ತವೆ; ಬ್ಲೀಚಿಂಗ್ ಪೌಡರಿನ ದ್ರಾವಣ ಸುರಿದು ಸಾಯಿಸಿದ ಮೇಲೆಯೇ ಅದನ್ನು ಚೆಲ್ಲಬೇಕು, ಮಕ್ಕಳ ಕೈಗೆ ಸಿಗಬಾರದು. ಇದನ್ನು ಸೂಚನಾ ಪುಸ್ತಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಲದು.

ಉಳಿಕೆ ಕ್ಲೋರಿನ್ ಪರೀಕ್ಷೆ ಸುಲಭ, ಉಪಯುಕ್ತ. ನಲ್ಲಿಯ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದನೋ ಇಲ್ಲವೋ, ಹಾಕಿದ ಪುಡಿಗೆ ಇನ್ನೂ ಶಕ್ತಿ ಇತ್ತೋ ಇಲ್ಲವೋ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ತೆರೆದಿಟ್ಟ ಚೀಲದ ಪುಡಿ ತಿಂಗಳುಗಳಲ್ಲಿ ತನ್ನ ಕ್ಲೋರಿನ್ ಕಳೆದುಕೊಳ್ಳುತ್ತದೆ. ಪಂಚಾಯಿತಿಯ ಗೋದಾಮಿನ ತೇವದಲ್ಲಿ ಇನ್ನೂ ಬೇಗ. ಹಳೆಯ ಬಗೆಯ ಕಿಟ್‌ಗಳಲ್ಲಿ ಹಳದಿ ಬಣ್ಣ ಕೊಡುವ ಆರ್ಥೋಟಾಲಿಡಿನ್ ದ್ರಾವಣ ಇರುತ್ತದೆ. ಅದು ಕ್ಯಾನ್ಸರ್‌ಕಾರಕ ಎಂಬ ಸಂಶಯವಿರುವ ರಾಸಾಯನಿಕ. ನಳಿಗೆಯ ಬಾಯಿಗೆ ಬೆರಳಿಟ್ಟು ಅಲುಗಾಡಿಸುವುದನ್ನು ನಾನು ಕಂಡಿದ್ದೇನೆ, ಅದು ಕೂಡದು. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆಯ ಕಿಟ್ ಸಿಗುವುದಾದರೆ ಅದನ್ನೇ ಕೇಳಿ ಪಡೆಯಬೇಕು.

ನೈಟ್ರೇಟ್ ಪರೀಕ್ಷೆ ತಿಪ್ಪೆ, ಶೌಚಗುಂಡಿ ಮತ್ತು ಯೂರಿಯಾದ ಕತೆ ಹೇಳುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾವಿಯ ಮೇಲ್ಬದಿಯ ತಿಪ್ಪೆಯನ್ನು ಸರಿಸುವುದು, ಶೌಚಗುಂಡಿಗೂ ಬಾವಿಗೂ ಕನಿಷ್ಠ 10 ಮೀಟರ್ ಅಂತರ ಬಿಡುವುದು ಊರಿನ ಕೈಯಲ್ಲೇ ಇರುವ ಕೆಲಸ. ಆರು ತಿಂಗಳೊಳಗಿನ ಕೂಸಿಗೆ ಬಾಟಲಿ ಹಾಲು ಕಲಸಿ ಕೊಡುವ ಮನೆಗಳಲ್ಲಿ ಇದರ ಅಪಾಯ ಹೆಚ್ಚು, ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ ಎಂಬುದನ್ನು ಅಂಗನವಾಡಿಯಲ್ಲಿ ಹೇಳಲೇಬೇಕು.

ಪೆಟ್ಟಿಗೆಯ ಮಿತಿಗಳನ್ನೂ ತಿಳಿದಿರಬೇಕು. ನಾವು ಬಳಸಿದ ಕಿಟ್‌ನಿಂದ ಆರ್ಸೆನಿಕ್, ಯುರೇನಿಯಂ, ಕೀಟನಾಶಕಗಳು ತಿಳಿಯುವುದಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲುಗಳ ಚರ್ಮ ಗಡುಸಾಗಿ ಹುಣ್ಣಾಗತೊಡಗಿದ ಮೇಲೆ ಅಲ್ಲಿನ ನೀರಿನಲ್ಲಿ ಆರ್ಸೆನಿಕ್ ಇರುವುದು ಬೆಳಕಿಗೆ ಬಂದದ್ದನ್ನು ಮರೆಯಬಾರದು. ಚಿನ್ನದ ಶಿಲಾಪಟ್ಟಿಯ ರಾಯಚೂರು, ಯಾದಗಿರಿ ಕಡೆಯ ಊರುಗಳು ಈ ಪೆಟ್ಟಿಗೆಯೊಂದನ್ನೇ ನಂಬಿ ‘ನಮ್ಮ ನೀರು ಸರಿ’ ಎಂದುಕೊಳ್ಳುವಂತಿಲ್ಲ. ಪೂರ್ವ ಕರ್ನಾಟಕದ ಆಳದ ಕೊಳವೆಬಾವಿಗಳಲ್ಲಿ ಯುರೇನಿಯಂ ಕೂಡ ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇವುಗಳಿಗೆಲ್ಲ ಪ್ರಯೋಗಾಲಯವೇ ಬೇಕು.

ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರಿಗೂ ತೆರೆದಿವೆ, ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ತಮ್ಮ ಬಾವಿಯ ನೀರನ್ನು ಕೊಟ್ಟು ವರದಿ ಪಡೆಯಬಹುದು. ಈ ವಿಷಯ ನಮ್ಮ ಭಾಗದಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ ಎಂಬುದೇ ಪ್ರಚಾರದ ದೊಡ್ಡ ಕೊರತೆ. ರಾಸಾಯನಿಕ ಪರೀಕ್ಷೆಗೆ ಚೆನ್ನಾಗಿ ತೊಳೆದು ಅದೇ ನೀರಿನಿಂದ ಜಾಲಿಸಿದ ಬಾಟಲಿ ಸಾಕು. ಸೂಕ್ಷ್ಮಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು, ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಂದು ದಿನದೊಳಗೆ ತಲುಪಿಸಬೇಕು. ಒಂದು ಪ್ರಯೋಗಾಲಯದಿಂದ ನಮ್ಮ ಊರಿನವರಿಗೆ ಬಂದ ವರದಿಯನ್ನು ನೋಡಿ ನನಗೆ ಬೇಸರವಾಯಿತು. ಅಂಕಿಗಳು ಸರಿಯಾಗಿದ್ದವು, ಕೆಲಸ ಶ್ರದ್ಧೆಯಿಂದ ನಡೆದಿತ್ತು. ಆದರೆ ಇಡೀ ವರದಿ ಇಂಗ್ಲಿಷಿನಲ್ಲಿತ್ತು, ಮಿತಿ ಮೀರಿದ ಅಂಶದ ಎದುರು ಒಂದು ಗುರುತೂ ಇರಲಿಲ್ಲ, ಈ ನೀರನ್ನು ಕುಡಿಯಬಹುದೇ ಎಂಬ ಒಂದು ವಾಕ್ಯವೂ ಇರಲಿಲ್ಲ. ಕನ್ನಡದಲ್ಲಿ ಎರಡೇ ಸಾಲು ಸೇರಿಸಿದರೆ ಆ ಕಾಗದ ಕಡತದಿಂದ ಅಡುಗೆಮನೆಗೆ ಬರುತ್ತಿತ್ತು: ‘ಈ ನೀರು ಸ್ನಾನಕ್ಕೆ, ಬಟ್ಟೆಗೆ ಆಗುತ್ತದೆ. ಕುಡಿಯಲು, ಅಡುಗೆಗೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ ಬೇಡ.’

ಈಗ ತರಬೇತಿಯ ವಿಷಯಕ್ಕೆ ಬರುತ್ತೇನೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ವಸಹಾಯ ಸಂಘದವರು ಹೀಗೆ ಐವರನ್ನು ಆರಿಸುವುದು ಬಹಳ ಒಳ್ಳೆಯ ನಿರ್ಧಾರ. ಇವರು ಮನೆಮನೆಯ ಹೊಸ್ತಿಲು ದಾಟಬಲ್ಲವರು, ಬಾಣಂತಿಯ ಕೋಣೆಗೂ ಹೋಗಬಲ್ಲವರು. ಆದರೆ ನಮ್ಮ ಕಡೆ ನಡೆದ ತರಬೇತಿಯಲ್ಲಿ ಹೆಚ್ಚಿನ ಹೊತ್ತು ಬಾಟಲಿಗಳ ಹೆಸರು ಮತ್ತು ಮೊಬೈಲಿನಲ್ಲಿ ಫಲಿತಾಂಶ ತುಂಬುವುದರಲ್ಲೇ ಕಳೆಯಿತು. ಅಂಕಿ ದೆಹಲಿಯವರೆಗೆ ಹೋಗುವ ದಾರಿಯನ್ನು ವಿವರವಾಗಿ ಕಲಿಸಲಾಯಿತು. ಅದೇ ಅಂಕಿ ಪಕ್ಕದ ಮನೆಗೆ ಹೋಗುವ ದಾರಿಯನ್ನು ಕಲಿಸಲಿಲ್ಲ. ಒಬ್ಬರ ತೋಟದ ಬೋರಿನ ನೀರು ಕೆಟ್ಟದ್ದೆಂದು ಹೇಳಿದರೆ ಅವರಿಗೆ ಅವಮಾನವಾಗುತ್ತದೆ, ಪಂಚಾಯಿತಿಯ ಬೋರಿನದು ಕೆಟ್ಟದ್ದೆಂದರೆ ಸದಸ್ಯರಿಗೆ ಸಿಟ್ಟು ಬರುತ್ತದೆ, ಕಿಟ್ ಹಿಡಿದ ಹೆಣ್ಣುಮಗಳು ಇವೆಲ್ಲವನ್ನೂ ಒಬ್ಬಳೇ ಎದುರಿಸಬೇಕಾಗುತ್ತದೆ. ಇದಕ್ಕೆ ಅವರನ್ನು ಸಿದ್ಧಪಡಿಸದೆ ಕಳಿಸುವುದು ಅನ್ಯಾಯ.

ತರಬೇತಿಯ ನೆರವಿಲ್ಲದೆಯೇ ಇದನ್ನು ಕಲಿತವರೂ ಇದ್ದಾರೆ. ಒಬ್ಬ ಆಶಾ ಕಾರ್ಯಕರ್ತೆ ಹಳದಿಯಾದ ನಳಿಗೆಯನ್ನು ತೋರಿಸಿದಾಗ ಮನೆಯ ಹಿರಿಯಜ್ಜಿ ಕೇಳಿದರು: ‘ಇಷ್ಟು ವರ್ಷದಿಂದ ಇದೇ ನೀರು ಕುಡ್ಕೊಂಡು ಬಂದಿದೀವಲ್ಲಮ್ಮ, ನಮಗೇನಾಯ್ತು?’ ಆಕೆ ವಾದಕ್ಕೆ ಇಳಿಯಲಿಲ್ಲ. ‘ನೀವು ಚಿಕ್ಕೋರಿದ್ದಾಗ ಸೇದೋ ಬಾವಿ ನೀರು ಕುಡಿದೋರು ಅಜ್ಜಿ, ಈ ಬೋರು ಆಗ ಎಲ್ಲಿತ್ತು? ನಿಮ್ಮ ಹಲ್ಲು ಬಂದಿದ್ದು ಆ ನೀರಲ್ಲಿ, ನಿಮ್ಮ ಮೊಮ್ಮಗಳ ಹಲ್ಲು ಬರ್ತಿರೋದು ಈ ನೀರಲ್ಲಿ,’ ಎಂದರು. ಅಜ್ಜಿ ಮೊಮ್ಮಗಳನ್ನು ಹತ್ತಿರ ಕರೆದು ಬಾಯಿ ತೆರೆಸಿ ನೋಡಿದರು. ಆ ಎರಡು ಮಾತಿನಲ್ಲಿ ಭೂವಿಜ್ಞಾನವೂ ವೈದ್ಯವೂ ಇದೆ, ಅಜ್ಜಿಗೆ ಸಲ್ಲಬೇಕಾದ ಮರ್ಯಾದೆಯೂ ಇದೆ. ತರಬೇತಿಯ ಕೈಪಿಡಿ ಬರೆಯುವವರು ಇಂಥ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಅವರ ಮಾತುಗಳನ್ನು ಬರೆದುಕೊಳ್ಳಬೇಕೆಂದು ನಾನು ಮನಃಪೂರ್ವಕ ಕೇಳಿಕೊಳ್ಳುತ್ತೇನೆ.

ಫಲಿತಾಂಶವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹೇಳಿದರೆ ಜನ ಬದಲಾಗುತ್ತಾರೆ ಎಂಬುದಕ್ಕೆ ಬಾಂಗ್ಲಾದೇಶದ ಉದಾಹರಣೆ ಇದೆ. ಅಲ್ಲಿ ಆರ್ಸೆನಿಕ್ ಸಮಸ್ಯೆ ಗೊತ್ತಾದ ಮೇಲೆ 2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಇಂಥದೇ ಕಿಟ್‌ಗಳಿಂದ ಪರೀಕ್ಷಿಸಿ, ಕೆಟ್ಟವುಗಳ ಬಾಯಿಗೆ ಕೆಂಪು, ಒಳ್ಳೆಯವುಗಳಿಗೆ ಹಸಿರು ಬಣ್ಣ ಬಳಿದರು. ಬಹಳಷ್ಟು ಕುಟುಂಬಗಳು ತಮ್ಮ ಕೆಂಪು ಬಾವಿಯನ್ನು ಬಿಟ್ಟು ನೆರೆಯವರ ಹಸಿರು ಬಾವಿಗೆ ಹೋದವು. ನಮ್ಮ ಊರುಗಳಲ್ಲಿ ಕೈಪಂಪುಗಳಿಗೂ ಸಾರ್ವಜನಿಕ ತೊಂಬೆಗಳಿಗೂ ಹೀಗೆ ಬಣ್ಣ ಬಳಿಯಲು ಒಂದು ಡಬ್ಬಿ ಪೇಂಟಿನ ಖರ್ಚು ಸಾಕು.

ನೀರು ಕೆಟ್ಟದ್ದೆಂದು ತಿಳಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಕೂಡಲೇ ಸಿಗುವ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಜನ ಇದನ್ನು ಫಿಲ್ಟರ್ ನೀರು ಎನ್ನುತ್ತಾರೆ. ಚೆನ್ನಾಗಿ ನಡೆಯುವ ಘಟಕ ಫ್ಲೋರೈಡನ್ನು ನಿಜವಾಗಿಯೂ ತೆಗೆಯುತ್ತದೆ. ಒಳಗಿನ ಪೊರೆ ಹಳೆಯದಾದರೆ ತೆಗೆಯುವುದಿಲ್ಲ, ಅದು ಹಳೆಯದಾದದ್ದು ಕುಡಿಯುವವರಿಗೆ ಗೊತ್ತಾಗುವುದೂ ಇಲ್ಲ. ನಿರ್ವಾಹಕರು ತೋರಿಸುವ ಟಿಡಿಎಸ್ ಮೀಟರು ಕರಗಿದ ಒಟ್ಟು ಲವಣವನ್ನು ಹೇಳುತ್ತದೆಯೇ ಹೊರತು ಫ್ಲೋರೈಡನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಎಫ್‌ಟಿಕೆ ಕಿಟ್‌ನ ಅತ್ಯುತ್ತಮ ಬಳಕೆ ಇಲ್ಲೇ ಇದೆ: ತಿಂಗಳಿಗೊಮ್ಮೆ ಘಟಕದ ನಲ್ಲಿಯ ನೀರನ್ನು ಎಲ್ಲರೆದುರು ಪರೀಕ್ಷಿಸಿ, ಬಣ್ಣವನ್ನು ಘಟಕದ ಗೋಡೆಯ ಮೇಲೆ ದಿನಾಂಕದೊಂದಿಗೆ ಬರೆಯುವುದು.

ಇನ್ನೊಂದು ವಿಷಯವನ್ನು ಯಾವ ಗೋಡೆ ಬರಹದಲ್ಲೂ ನಾನು ಕಂಡಿಲ್ಲ. ಹೆಚ್ಚಿನ ಮನೆಗಳಲ್ಲಿ ಫಿಲ್ಟರ್ ನೀರು ಕುಡಿಯಲು ಮಾತ್ರ. ಮುದ್ದೆಗೆ ಎಸರಿಡುವುದು, ಸಾರು ಕಾಯಿಸುವುದು, ಅನ್ನಕ್ಕೆ ನೀರು ಹಾಕುವುದು ಬೋರಿನ ನೀರಿನಿಂದಲೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಹಿಟ್ಟೂ ಅಕ್ಕಿಯೂ ಆ ನೀರನ್ನು ಪೂರ್ತಿ ಹೀರಿಕೊಂಡು ತಟ್ಟೆಗೆ ಬರುತ್ತವೆ. ಕುಡಿಯುವ ನೀರನ್ನು ದುಡ್ಡು ಕೊಟ್ಟು ತಂದು, ಅರ್ಧ ಫ್ಲೋರೈಡನ್ನು ಊಟದಲ್ಲಿ ತಿನ್ನುವಂತಾಗಬಾರದು. ರಾಗಿ, ಸೊಪ್ಪು, ಹಾಲು, ನೆಲ್ಲಿಕಾಯಿಯಂಥ ಸುಣ್ಣಾಂಶ ಮತ್ತು ಸಿ ಜೀವಸತ್ವದ ಆಹಾರ ಹಾನಿಯನ್ನು ಸ್ವಲ್ಪ ತಗ್ಗಿಸುತ್ತದೆ. ಮಕ್ಕಳಿಗೆ ಕಡು ಚಹಾ ಕೊಡುವುದು, ಕಪ್ಪು ಉಪ್ಪು ಬಳಸುವುದು ಹೆಚ್ಚಿಸುತ್ತದೆ. ಬಿಸಿಯೂಟದ ಅಡುಗೆಮನೆಯಲ್ಲಿ ಯಾವ ನೀರು ಬಳಸುತ್ತಾರೆ ಎಂಬುದನ್ನು ಪ್ರತಿ ಶಾಲೆಯ ಪೋಷಕರೂ ಕೇಳಬೇಕು.

ಮಳೆನೀರಿನ ಲೆಕ್ಕವನ್ನು ತರಬೇತಿಯಲ್ಲಿ ಸೇರಿಸಿದ್ದರೆ ಎಷ್ಟು ಚೆನ್ನಾಗಿತ್ತು. ಮಳೆನೀರಿನಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮದು ಬರದ ಸೀಮೆ, ಇಲ್ಲಿ ಮಳೆಯೇ ಇಲ್ಲ ಎನ್ನುವವರಿಗೆ ಲೆಕ್ಕ ತೋರಿಸಬೇಕು: ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೂ 20 ಚದರ ಮೀಟರಿನ ಚಿಕ್ಕ ಚಾವಣಿಯ ಮೇಲೆ 10,000 ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ವ್ಯರ್ಥವಾದರೂ 8,000 ಲೀಟರ್ ಸಿಗುತ್ತದೆ. ಐವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ 320 ದಿನಗಳಿಗೆ ಸಾಕು. ಮುಚ್ಚಿದ ತೊಟ್ಟಿಗೆ ಖರ್ಚಿದೆ, ಮೊದಲ ಮಳೆಯನ್ನು ಹೊರಗೆ ಬಿಡುವ ಎಚ್ಚರ ಬೇಕು, ಚಾವಣಿ ಗುಡಿಸಬೇಕು. ಆ ನೀರನ್ನೂ ಕರಿ ಬಾಟಲಿಯಲ್ಲಿ ನೋಡಿಯೇ ಕುಡಿಯಬೇಕು.

ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆ ಪಾವಗಡ, ಮೊಳಕಾಲ್ಮೂರು ಕಡೆಯ ಊರುಗಳಿಗೆ ನದಿಯ ನೀರನ್ನು ತರುವಂಥದ್ದು. ಇದು ನಮ್ಮ ತಾಲ್ಲೂಕಿನ ಬಹುಕಾಲದ ಹಂಬಲ. ನದಿ ನೀರು ಬಂದ ಊರಿಗೆ ಕಿಟ್ ಇನ್ನು ಬೇಡ ಎಂದು ಭಾವಿಸಬಾರದು. ಅದರ ಕೆಲಸ ಬದಲಾಗುತ್ತದೆ ಅಷ್ಟೇ. ಬಹುದೂರದಿಂದ ಪೈಪಿನಲ್ಲಿ ಬರುವ ನದಿ ನೀರಿನಲ್ಲಿ ಫ್ಲೋರೈಡಿನ ಭಯ ಕಡಿಮೆ, ಸೂಕ್ಷ್ಮಾಣುಗಳ ಭಯ ಹೆಚ್ಚು. ಆಗ ಕ್ಲೋರಿನ್ ಪರೀಕ್ಷೆ ಮತ್ತು ಕರಿ ಬಾಟಲಿ ಮುಂದೆ ಬರಬೇಕು. ನದಿ ನೀರು ಸಾಲದ ದಿನಗಳಲ್ಲಿ ಅದೇ ಟ್ಯಾಂಕಿಗೆ ಹಳೆಯ ಬೋರಿನ ನೀರನ್ನೂ ಬೆರೆಸಿ ಬಿಡುತ್ತಾರೆ, ಆ ದಿನಗಳಲ್ಲಿ ಫ್ಲೋರೈಡನ್ನು ಮತ್ತೆ ನೋಡಲೇಬೇಕು.

ಈ ಸೇವೆಯನ್ನು ನಿಮ್ಮ ಊರಿನಲ್ಲಿ ಬಳಸಿಕೊಳ್ಳುವವರು ಮೊದಲು ಪಂಚಾಯಿತಿಯ ಬೀರುವಿನಲ್ಲಿರುವ ಪೆಟ್ಟಿಗೆಯನ್ನು ಹೊರಗೆ ತೆಗೆಸಿ, ಬಾಟಲಿಗಳ ಮೇಲಿನ ಅವಧಿಯ ದಿನಾಂಕವನ್ನು ಓದಿ. ಅವಧಿ ಮುಗಿದ ದ್ರಾವಣ ತಪ್ಪು ಬಣ್ಣ ಕೊಡುತ್ತದೆ, ಅದು ಪರೀಕ್ಷೆ ಮಾಡದಿರುವುದಕ್ಕಿಂತ ಹೆಚ್ಚು ಅಪಾಯಕರ. ಫ್ಲೋರೈಡ್ ಪರೀಕ್ಷೆಯ ದ್ರಾವಣದ ಬಗ್ಗೆ ಅನುಮಾನವಿದ್ದರೆ ಮಳೆನೀರನ್ನೋ ಔಷಧಿ ಅಂಗಡಿಯ ಬಟ್ಟಿ ಇಳಿಸಿದ ನೀರನ್ನೋ ಹಾಕಿ ನೋಡಿ, ಗುಲಾಬಿ ಬಾರದಿದ್ದರೆ ಆ ಬಾಟಲಿ ಕೆಟ್ಟಿದೆ. ಜಲ ಜೀವನ್ ಮಿಷನ್ ಹಣದಲ್ಲಿ ಶೇ 2ರಷ್ಟು ನೀರಿನ ಗುಣಮಟ್ಟದ ಕೆಲಸಕ್ಕೆಂದೇ ಇದೆ; ಮರುಪೂರಣದ ಬಾಟಲಿಗಳನ್ನು ಕೇಳುವಾಗ ಈ ಮಾತನ್ನು ಪಿಡಿಒ ಅವರಿಗೆ ನೆನಪಿಸಬಹುದು. ಗ್ರಾಮಸಭೆಯ ನಡಾವಳಿಯಲ್ಲಿ ನೀರಿನ ಫಲಿತಾಂಶವನ್ನು ಓದಿ ದಾಖಲಿಸುವಂತೆ ಕೇಳಿ. ಪರೀಕ್ಷೆ ಮಾಡುವ ಮಹಿಳೆಯರಿಗೆ ಸಲ್ಲಬೇಕಾದ ಗೌರವಧನ ಸಂದಿದೆಯೇ ಎಂಬುದನ್ನೂ ಅದೇ ಸಭೆಯಲ್ಲಿ ಕೇಳಿ, ಮತ್ತು ಅವರು ಫಲಿತಾಂಶ ಓದುವಾಗ ಊರಿನ ನಾಲ್ಕು ಜನ ಹಿರಿಯರು ಅವರ ಪಕ್ಕದಲ್ಲಿ ನಿಂತಿರುವಂತೆ ನೋಡಿಕೊಳ್ಳಿ.